ಬಿಸುವಿನಿಂದ ಪತ್ತನಾಜೆಯವರೆಗೆ: ಗಡಿಯೂರುಗಳ ಒಂದು ಬೇಸಗೆ

(ಕುಂಬಳೆ ಸಮೀಪದ ಕನ್ನಡ ಮಾಧ್ಯಮ ಶಾಲೆಯೊಂದರ ಹಳೆ ವಿದ್ಯಾರ್ಥಿಗಳ ಸಭೆಯಲ್ಲಿ 2024ರ ಮೇ ಕೊನೆಯ ವಾರ ಮಾಡಿದ ಭಾಷಣದ ಬರಹ ರೂಪ)

ನನಗೆ ಪಾಠ ಹೇಳಿದ ಗುರುಗಳೇ, ಊರಿನ ಹಿರಿಯರೇ, ಇದೇ ಬೆಂಚುಗಳಲ್ಲಿ ನನ್ನ ಜೊತೆ ಕುಳಿತು ಓದಿದ ಗೆಳೆಯ ಗೆಳತಿಯರೇ,

ಈ ಬೇಸಗೆಯಲ್ಲಿ ನಾನು ತಿರುಗಿದ ಊರುಗಳ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಕೇಳಿಕೊಂಡರು. ಖಂಡಿತ ಮಾತನಾಡುತ್ತೇನೆ. ಆದರೆ ಊರು ನೋಡುವ ಉತ್ಸಾಹದ ಜೊತೆಗೇ ಒಂದು ಪ್ರಶ್ನೆಯೂ ನನ್ನನ್ನು ಎಲ್ಲ ಕಡೆಗೆ ಕರೆದೊಯ್ಯಿತು: ಒಂದು ರಾಜ್ಯದ ಅಂಚಿನಲ್ಲಿ ಹುಟ್ಟಿದವರ ರಾಜಕೀಯ ಎಂತಹದ್ದಾಗಿರಬೇಕು? ನನಗೆ ಹೊಳೆದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕಾಸರಗೋಡು ಕರ್ನಾಟಕಕ್ಕೆ ಸೇರಲಿ, ನಕ್ಷೆ ಬದಲಾಗಲಿ ಎಂದು ಕಾಯುವುದರಲ್ಲಿ ನಮ್ಮ ಎರಡು ತಲೆಮಾರುಗಳ ಆಯುಸ್ಸು ಕಳೆಯಿತು. ಇರುವ ಊರಿನಲ್ಲಿ, ಇರುವ ಕಾನೂನನ್ನು ಗಟ್ಟಿಯಾಗಿ ಹಿಡಿದು, ನೆರೆಮನೆಯ ಮಲಯಾಳಿಯನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಹಕ್ಕು ಕೇಳುವ ಕೆಲಸವನ್ನು ನಮ್ಮ ತಲೆಮಾರು ಮಾಡಬೇಕು. ಹಿರಿಯರಿಗೆ ಈ ಮಾತು ಕಹಿಯಾಗಬಹುದು. ದಯವಿಟ್ಟು ಪೂರ್ತಿ ಕೇಳಿ.

ತುಳುವರ ಹೊಸವರ್ಷವಾದ ಬಿಸುವಿನ ಕಣಿ ನೋಡಲು ಮನೆಗೆ ಬಂದವಳು ಏಪ್ರಿಲ್ 26ರ ಲೋಕಸಭಾ ಮತದಾನದವರೆಗೆ ಊರಿನಲ್ಲಿಯೇ ಉಳಿದೆ. ಸೆಖೆಗೆ ಬೆಳಿಗ್ಗೆ ಏಳು ಗಂಟೆಗೇ ಬೆವರು ಇಳಿಯುತ್ತಿತ್ತು. ಮತಗಟ್ಟೆಯ ಸಾಲಿನಲ್ಲಿ ನನ್ನ ಹಳೆಯ ಸಹಪಾಠಿಗಳು ಸಿಕ್ಕಿದರು. ಒಬ್ಬ ಗಲ್ಫಿನಿಂದ ರಜೆಯಲ್ಲಿ ಬಂದಿದ್ದಾನೆ, ಒಬ್ಬ ಅಪ್ಪನ ಅಡಿಕೆ ತೋಟ ನೋಡಿಕೊಳ್ಳುತ್ತಾನೆ, ಒಬ್ಬಳು ಸಹಕಾರಿ ಬ್ಯಾಂಕಿನಲ್ಲಿದ್ದಾಳೆ. ಒಬ್ಬನ ಮನೆ ಮುಸ್ಲಿಂ ಲೀಗಿನದು, ಮತ್ತೊಬ್ಬನದು ಬಿಜೆಪಿಯದು, ಅವಳದು ಕೆಂಬಾವುಟದ ಮನೆ. ನಮ್ಮ ಮಂಜೇಶ್ವರ ವಿಧಾನಸಭಾ ಕ್ಷೇತ್ರದಲ್ಲಿ 2016ರಲ್ಲಿ ಗೆಲುವಿನ ಅಂತರ 89 ಮತ, 2021ರಲ್ಲಿ 745 ಮತ. ಹೀಗಿರುವಾಗ ಪಕ್ಷಗಳು ಒಂದೊಂದು ಮನೆಯ ಮೆಟ್ಟಿಲನ್ನೂ ಹತ್ತುತ್ತವೆ. ಕನ್ನಡದಲ್ಲಿ ಕರಪತ್ರ ಬರುತ್ತದೆ, ಜೀಪಿನ ಮೈಕಿನಲ್ಲಿ ಕನ್ನಡವೂ ತುಳುವೂ ಕೇಳುತ್ತದೆ. 2021ರಲ್ಲಿ ಗೆದ್ದ ನಮ್ಮ ಶಾಸಕರು ತಿರುವನಂತಪುರದಲ್ಲಿ ಕನ್ನಡದಲ್ಲಿಯೇ ಪ್ರಮಾಣವಚನ ಸ್ವೀಕರಿಸಿದರು. ಅದು ನನಗೆ ಇಂದಿಗೂ ಅಭಿಮಾನದ ಸಂಗತಿ.

ಆ ಸಂಜೆ ನಾವೆಲ್ಲ ಬೈಲಿನ ಸಂಕದ (ಕಿರುಸೇತುವೆಯ) ಮೇಲೆ ಕುಳಿತೆವು. ಯಾರಿಗೆ ಮತ ಹಾಕಿದೆ ಎಂದು ಯಾರೂ ಯಾರನ್ನೂ ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಮಾತು ಬೇರೆ ಕಡೆಗೆ ಹೋಯಿತು. ಮತ ಕೇಳಲು ಬರುವಾಗ ಇರುವ ಕನ್ನಡ ಮರುದಿನ ಕಚೇರಿಯ ಕಿಟಕಿಯಲ್ಲಿ ಏಕೆ ಇರುವುದಿಲ್ಲ? ಅರ್ಜಿಯ ಫಾರಂ ಮಲಯಾಳದಲ್ಲಿ, ಭೂ ತೆರಿಗೆಯ ರಶೀದಿ ಮಲಯಾಳದಲ್ಲಿ, ಆಸ್ಪತ್ರೆಯ ಸೂಚನೆ ಮಲಯಾಳದಲ್ಲಿ. ನನ್ನ ಅಮ್ಮ ಒಂದು ಪ್ರಮಾಣಪತ್ರಕ್ಕಾಗಿ ಕಚೇರಿಯೊಂದಕ್ಕೆ ಹೋದಾಗ ಅರ್ಜಿ ತುಂಬಲು ಹೊರಗೆ ಕುಳಿತವರಿಗೆ ಹಣ ಕೊಡಬೇಕಾಯಿತು. ಅಮ್ಮ ಪದವಿ ಓದಿದವರು, ಓದಿದ್ದು ಕನ್ನಡದಲ್ಲಿ. ಗಲ್ಫಿನ ಗೆಳೆಯ ಹೇಳಿದ ಮಾತು ನನ್ನ ತಲೆಯಲ್ಲಿ ಕುಳಿತಿದೆ: “ನಮ್ಮ ಮೂವರ ಪಕ್ಷವೂ ಈ ಕಿಟಕಿಯ ವಿಷಯವನ್ನು ಎತ್ತಲಿಲ್ಲ. ನಾವೂ ಅವರನ್ನು ಕೇಳಲಿಲ್ಲ.”

ಈಗ ಸ್ವಲ್ಪ ಹಿಂದಕ್ಕೆ ಹೋಗಬೇಕು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕನ್ನು ಕೇರಳಕ್ಕೆ ಸೇರಿಸಿದರು. ರಾಜ್ಯಗಳ ಮರುವಿಂಗಡಣೆಗೆ ನೇಮಿಸಿದ್ದ ಫಜಲ್ ಅಲಿ ಆಯೋಗದ ಮೂವರು ಸದಸ್ಯರಲ್ಲಿ ಮಲಯಾಳಿಯಾದ ಕೆ.ಎಂ. ಪಣಿಕ್ಕರ್ ಒಬ್ಬರಾಗಿದ್ದರು ಎಂಬುದನ್ನು ನಮ್ಮ ಹಿರಿಯರು ಇಂದಿಗೂ ನೋವಿನಿಂದ ಹೇಳುತ್ತಾರೆ. ಮರುವರ್ಷ ಕೇರಳದ ಮೊದಲ ವಿಧಾನಸಭೆಗೆ ಮಂಜೇಶ್ವರದಿಂದ ಎಂ. ಉಮೇಶ ರಾವ್ ಪಕ್ಷೇತರರಾಗಿ ಅವಿರೋಧವಾಗಿ ಆರಿಸಿಬಂದರು. ಎದುರಿಗೆ ಒಬ್ಬರೂ ನಿಲ್ಲಲಿಲ್ಲವೆಂದರೆ ಆ ಕಾಲದ ಜನಾಭಿಪ್ರಾಯ ಎಷ್ಟು ಗಟ್ಟಿಯಾಗಿತ್ತೆಂದು ಊಹಿಸಿ. ಕವಿ ಕಯ್ಯಾರ ಕಿಞ್ಞಣ್ಣ ರೈಗಳಂತಹವರು ನೂರು ವರ್ಷ ಬಾಳಿ, ಕೊನೆಯವರೆಗೂ ಕರ್ನಾಟಕದೊಂದಿಗೆ ವಿಲೀನದ ಬೇಡಿಕೆಯನ್ನು ಬಿಡಲಿಲ್ಲ. ಗಡಿ ವಿವಾದ ಬಗೆಹರಿಸಲು ಕೇಂದ್ರ ನೇಮಿಸಿದ್ದ ಆಯೋಗದ 1967ರ ಮಹಾಜನ ವರದಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದಿತು. ಕೇರಳ ಒಪ್ಪಲಿಲ್ಲ. ಬೆಳಗಾವಿ ಸಿಗಲಿಲ್ಲವೆಂದು ಮಹಾರಾಷ್ಟ್ರವೂ ಒಪ್ಪಲಿಲ್ಲ. ವರದಿ ಕಡತದಲ್ಲಿಯೇ ಉಳಿಯಿತು.

ಆ ಹಿರಿಯರ ತ್ಯಾಗವನ್ನು ನಾನು ಕಿರಿದು ಮಾಡುವುದಿಲ್ಲ. ಈ ಶಾಲೆ ಕನ್ನಡ ಶಾಲೆಯಾಗಿ ಉಳಿದಿದ್ದರೆ ಅದಕ್ಕೆ ಅವರೇ ಕಾರಣ. ಆದರೆ 2020ರ ಮಾರ್ಚ್ ತಿಂಗಳನ್ನು ನೆನಪಿಸಿಕೊಳ್ಳಿ. ಕೊರೋನಾ ಬಂದಾಗ ಕರ್ನಾಟಕ ಸರಕಾರ ನಮ್ಮ ಕಡೆಯ ರಸ್ತೆಗಳಿಗೆ ಮಣ್ಣು ಸುರಿಸಿತು. ಗಡಿಯ ತಲಪಾಡಿಯಲ್ಲಿ ಆಂಬುಲೆನ್ಸ್‌ಗಳು ನಿಂತವು. ಎದೆನೋವಿಗೆ, ಹೆರಿಗೆಗೆ, ಡಯಾಲಿಸಿಸ್‌ಗೆ, ಎಲ್ಲದಕ್ಕೂ ನಾವು ತಲೆಮಾರುಗಳಿಂದ ಮಂಗಳೂರಿಗೇ ಹೋಗುತ್ತಿದ್ದವರು. ದಾರಿ ಸಿಗದೆ ನಮ್ಮ ಜಿಲ್ಲೆಯಲ್ಲಿ ರೋಗಿಗಳು ಸತ್ತರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆರವುಗೊಳಿಸಲು ಕೇಂದ್ರಕ್ಕೆ ಆದೇಶಿಸಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಆಮೇಲೆ ರೋಗಿಗಳನ್ನು ಬಿಡುವ ಬಗ್ಗೆ ಒಪ್ಪಂದವಾಯಿತು. ನಾವು ತಾಯಿನಾಡೆಂದು ಕರೆಯುತ್ತಿದ್ದ ರಾಜ್ಯ ನಮ್ಮನ್ನು ರೋಗ ಹರಡುವವರ ಪಟ್ಟಿಯಲ್ಲಿಟ್ಟಿತು. ಇತ್ತ, ನಾವು ಸೇರಿರುವ ರಾಜ್ಯ 2013ರಲ್ಲಿ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಶಿಲಾನ್ಯಾಸ ಮಾಡಿ ಆರು ವರ್ಷ ಕಳೆದರೂ ಆಸ್ಪತ್ರೆ ತೆರೆದಿರಲಿಲ್ಲ. ಆ ವಿಪತ್ತಿನ ನಡುವೆ ಕೋವಿಡ್ ಆಸ್ಪತ್ರೆಯಾಗಿ ಅವಸರದಲ್ಲಿ ಬಾಗಿಲು ತೆಗೆಯಿತು. ಆಗ ನಾನು ಪದವಿ ವಿದ್ಯಾರ್ಥಿನಿ. ಯಾವ ರಾಜ್ಯ ಎಂಬ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇದೆಯೆಂದು ನನಗೆ ಆಗಲೇ ಅನಿಸಿತು: ನಮ್ಮ ಜೀವಕ್ಕೆ ಯಾರು ಹೊಣೆ?

ಆ ಪ್ರಶ್ನೆಯನ್ನು ಬೇರೆ ಗಡಿಯವರಲ್ಲಿಯೂ ಕೇಳಬೇಕೆಂಬ ಆಸೆ ಆಗಿನಿಂದ ಇತ್ತು. ಧಾರವಾಡದಲ್ಲಿ ಎಂ.ಎ. ಓದುವಾಗ ಹಾಸ್ಟೆಲಿನಲ್ಲಿ ನನಗೆ ಸಿಕ್ಕ ಗೆಳತಿಯರಲ್ಲಿ ಹಲವರು ಗಡಿಯವರೇ. ಒಬ್ಬಳು ಮಹಾರಾಷ್ಟ್ರದ ಅಕ್ಕಲಕೋಟೆ ತಾಲೂಕಿನ ದುಧನಿಯವಳು, ಒಬ್ಬಳು ಅದೇ ರಾಜ್ಯದ ಜತ್ತ ತಾಲೂಕಿನ ಉಮದಿಯ ಕಡೆಯವಳು, ಮತ್ತೊಬ್ಬಳು ಆಂಧ್ರದ ಮಡಕಶಿರದವಳು. ಮೇ ತಿಂಗಳಲ್ಲಿ ಅವರ ಮನೆಗಳಿಗೆ ಹೊರಟೆ.

ಮಂಗಳೂರಿನಿಂದ ವಿಜಯಪುರಕ್ಕೆ ರಾತ್ರಿ ಬಸ್ಸು, ಅಲ್ಲಿಂದ ಸೊಲ್ಲಾಪುರಕ್ಕೆ ಇನ್ನೊಂದು. ಭೀಮಾ ನದಿಯ ಸೇತುವೆ ದಾಟಿದರೆ ಮಹಾರಾಷ್ಟ್ರ. ಬಸ್ಸಿನಲ್ಲಿ ಕುಳಿತವರ ಮಾತು ಸೇತುವೆಯ ಆಚೆಗೂ ಅದೇ ಕನ್ನಡ, ಬೋರ್ಡುಗಳು ಮಾತ್ರ ಬೇರೆ. ಬಿಸಿಲೆಂದರೆ ನಮ್ಮ ಕಡೆಯ ಬೆವರಿನ ಬಿಸಿಲಲ್ಲ, ಚರ್ಮ ಒಣಗಿಸುವ ಬಿಸಿಲು. ದುಧನಿಯಲ್ಲಿ ಗೆಳತಿಯ ತಾಯಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಇಟ್ಟು, “ಕೇರಳದಿಂದ ಬಂದಿದ್ದೀ, ಅನ್ನ ಬೇಕಾಗುತ್ತದೇನೋ ತಂಗಿ” ಎಂದು ನಾಲ್ಕು ಸಲ ಕೇಳಿದರು. ಊಟದ ನಂತರ ಗೆಳತಿ ತನ್ನ ಹಳೆಯ ಪಠ್ಯಪುಸ್ತಕಗಳನ್ನು ತೆಗೆದಳು. ಮಹಾರಾಷ್ಟ್ರದ ಬಾಲಭಾರತಿ ಕನ್ನಡದಲ್ಲಿಯೂ ಪುಸ್ತಕ ಅಚ್ಚು ಮಾಡುತ್ತದೆ. ನಾಲ್ಕನೆಯ ತರಗತಿಯಲ್ಲಿ ಅವಳು ಕನ್ನಡದಲ್ಲಿ ಓದಿದ್ದು ಶಿವಾಜಿಯ ಚರಿತ್ರೆ. ನಾನು ಇದೇ ಶಾಲೆಯಲ್ಲಿ, ಕೇರಳದ ಕನ್ನಡ ಪುಸ್ತಕದಲ್ಲಿ ಓದಿದ್ದು ಸಮಾಜ ಸುಧಾರಕರಾದ ನಾರಾಯಣ ಗುರುಗಳನ್ನು, ಅಯ್ಯಂಕಾಳಿಯನ್ನು.

ಇದು ನಷ್ಟವೆಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. ನನಗೆ ಹಾಗೆ ಕಾಣುವುದಿಲ್ಲ. ಕೆಳಜಾತಿಯ ಮಕ್ಕಳಿಗೆ ಶಾಲೆಯ ಬಾಗಿಲು ತೆರೆಸಲು ಅಯ್ಯಂಕಾಳಿ ನಡೆಸಿದ ಹೋರಾಟವನ್ನು ಕನ್ನಡದಲ್ಲಿ ಓದಿ ಬೆಳೆದದ್ದು ನನ್ನ ಭಾಗ್ಯ. ಅದು ನನ್ನ ಕನ್ನಡವನ್ನು ದೊಡ್ಡದು ಮಾಡಿದೆ. ಕರ್ನಾಟಕದ ಮಕ್ಕಳಿಗೆ ಸಿಗದ ಒಂದು ಚರಿತ್ರೆ ನಮಗೆ ಸಿಕ್ಕಿದೆ. ಅವಳ ದೂರು ಪುಸ್ತಕದ ಬಗ್ಗೆ ಇರಲೂ ಇಲ್ಲ. ಅವಳ ಊರಿನ ಕಡೆ ಕನ್ನಡ ಶಾಲೆಗೆ ಕನ್ನಡ ಬಾರದ ಶಿಕ್ಷಕರು ಬರುತ್ತಾರೆ, ಏಳನೆಯದರ ನಂತರ ಕನ್ನಡದಲ್ಲಿ ಓದಲು ದೂರ ಹೋಗಬೇಕು, ಹೆಣ್ಣುಮಕ್ಕಳ ಓದು ಅಲ್ಲಿಗೇ ನಿಲ್ಲುತ್ತದೆ. ಈ ಮಾತು ಕೇಳಿದಾಗ ನಾನು ಎಲ್ಲಿದ್ದೇನೆಂಬುದೇ ಮರೆತುಹೋಯಿತು, ಅಷ್ಟು ನಮ್ಮದೇ ಕಥೆ ಅದು.

ಸೊಲ್ಲಾಪುರ ನಗರದಲ್ಲಿ ಅವಳು ನನ್ನನ್ನು ನಾಲ್ವರು ಹುತಾತ್ಮರ ಪ್ರತಿಮೆಗಳಿರುವ ಚೌಕಕ್ಕೆ ಕರೆದೊಯ್ದಳು. 1930ರ ಮೇ ತಿಂಗಳಲ್ಲಿ, ಗಾಂಧೀಜಿಯ ಬಂಧನದ ನಂತರ, ಸೊಲ್ಲಾಪುರದ ಗಿರಣಿ ಕಾರ್ಮಿಕರು ಬೀದಿಗಿಳಿದರು. ಕೆಲವು ದಿನ ನಗರ ಬ್ರಿಟಿಷರ ಕೈಯಲ್ಲಿ ಇರಲಿಲ್ಲ. ಮಾರ್ಷಲ್ ಲಾ ಹೇರಿ ನಗರವನ್ನು ಹಿಡಿದ ಸರಕಾರ, 1931ರ ಜನವರಿ 12ರಂದು ಯೆರವಡಾ ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಿತು: ಮಲ್ಲಪ್ಪ ಧನಶೆಟ್ಟಿ, ಜಗನ್ನಾಥ ಶಿಂಧೆ, ಶ್ರೀಕಿಸನ್ ಸಾರಡಾ, ಕುರ್ಬಾನ್ ಹುಸೇನ್. ಹೆಸರುಗಳನ್ನು ಕೇಳಿದಿರಲ್ಲ? ಲಿಂಗಾಯತ, ಮರಾಠ, ಮಾರವಾಡಿ, ಮುಸಲ್ಮಾನ. ಕನ್ನಡ, ಮರಾಠಿ, ತೆಲುಗು, ಉರ್ದು ಮಾತನಾಡುವ ಕಾರ್ಮಿಕರು ಒಟ್ಟಿಗೆ ದುಡಿಯುತ್ತಿದ್ದ ನಗರ ಅದು.

ಅಲ್ಲಿ ನಿಂತಾಗ ನನಗೆ ನಮ್ಮ ಕಯ್ಯೂರು ನೆನಪಾಯಿತು. ತೇಜಸ್ವಿನಿ ಹೊಳೆಯ ದಡದ ಕಯ್ಯೂರು. 1941ರ ಮಾರ್ಚ್ 28ರಂದು ರೈತರ ಮೆರವಣಿಗೆಯ ವೇಳೆ ಪೊಲೀಸನೊಬ್ಬ ಸತ್ತ ಘಟನೆಯ ನಂತರ ಮಂಗಳೂರಿನ ನ್ಯಾಯಾಲಯದಲ್ಲಿ ವಿಚಾರಣೆ ನಡೆದು, 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರು ರೈತರು ನೇಣಿಗೇರಿದರು: ಮಠತ್ತಿಲ್ ಅಪ್ಪು, ಕೊಯಿತ್ತಾಟ್ಟಿಲ್ ಚಿರುಕಂಡನ್, ಪೊಡವರ ಕುಂಞಂಬು ನಾಯರ್, ಪಳ್ಳಿಕ್ಕಲ್ ಅಬೂಬಕ್ಕರ್. ಅಲ್ಲಿಯೂ ನಾಲ್ವರು, ಇಲ್ಲಿಯೂ ನಾಲ್ವರು. ಅಲ್ಲಿ ಗಿರಣಿ, ಇಲ್ಲಿ ಗೇಣಿ. ಕಯ್ಯೂರು ನಮ್ಮ ಜಿಲ್ಲೆಯದೇ, ಆಗ ನಮ್ಮದೇ ತಾಲೂಕಿನದು. ಆದರೂ ನಮ್ಮ ಕನ್ನಡ ಸಭೆಗಳಲ್ಲಿ ಈ ನಾಲ್ವರ ಹೆಸರನ್ನು ನಾನು ಕೇಳಿದ್ದು ಅಪರೂಪ. ಅವರು ಮಲಯಾಳಿಗಳೆಂದು ನಾವು ಅವರನ್ನು ಬಿಟ್ಟುಕೊಟ್ಟಿದ್ದೇವೆ. ಇದು ನಮ್ಮ ರಾಜಕೀಯದ ಬಡತನ. ಚಂದ್ರಗಿರಿಯ ಆಚೆಯವರ ಬಲಿದಾನ ನಮ್ಮದಲ್ಲವೆಂದರೆ, ಈಚೆಯ ನಮ್ಮ ಸಂಕಟ ಅವರದು ಹೇಗಾದೀತು?

ಜತ್ತದ ಬಗ್ಗೆ ಹೇಳಲೇಬೇಕು. ಸಾಂಗ್ಲಿ ಜಿಲ್ಲೆಯ ಪಶ್ಚಿಮಕ್ಕೆ ಕೃಷ್ಣಾ ತೀರದ ಕಬ್ಬು. ಪೂರ್ವದ ಜತ್ತಕ್ಕೆ ಬಂದರೆ ಒಣಭೂಮಿ, ಜಾಲಿ, ಟ್ಯಾಂಕರ್. ನಾನು ಹೋದಾಗ ಗೆಳತಿಯ ಮನೆಯ ಮುಂದೆ ಡ್ರಮ್ಮುಗಳ ಸಾಲು ಇತ್ತು. ಟ್ಯಾಂಕರ್ ಬರುವ ಹೊತ್ತಿಗೆ ಎಲ್ಲರೂ ಕೆಲಸ ಬಿಟ್ಟು ಓಡಿದರು, ನಾನೂ ಕೊಡ ಹಿಡಿದೆ. ಅವರ ಅಜ್ಜ ಮಧ್ಯಾಹ್ನ ಕಟ್ಟೆಯ ಮೇಲೆ ಕುಳಿತು ಜತ್ತದ ರಾಜಕೀಯ ವಿವರಿಸಿದರು. ಜತ್ತದ ಪೂರ್ವ ಭಾಗದ ಕನ್ನಡ ಹಳ್ಳಿಗಳ ಗ್ರಾಮ ಪಂಚಾಯಿತಿಗಳು 2012ರಲ್ಲಿ ಕರ್ನಾಟಕಕ್ಕೆ ಸೇರುತ್ತೇವೆಂದು ಠರಾವು ಮಾಡಿದ್ದವು. ಭಾಷೆಗಾಗಿ ಮಾಡಿದ ಠರಾವಲ್ಲ, ನೀರಿಗಾಗಿ ಮಾಡಿದ್ದು. ಹತ್ತು ವರ್ಷದ ನಂತರ, 2022ರ ಕೊನೆಯಲ್ಲಿ, ಕರ್ನಾಟಕದ ಮುಖ್ಯಮಂತ್ರಿ ಆ ಠರಾವಿನ ಮಾತೆತ್ತಿದರು. ಎರಡೂ ಕಡೆ ಬಸ್ಸುಗಳಿಗೆ ಮಸಿ, ಕಲ್ಲು. ಆದರೆ ಜತ್ತದಲ್ಲಿ ಆದದ್ದೇ ಬೇರೆ. ಅಷ್ಟು ವರ್ಷ ಮಲಗಿದ್ದ ವಿಸ್ತರಿತ ಮ್ಹೈಸಾಳ ಏತ ನೀರಾವರಿಯ ಕಡತಕ್ಕೆ ಮುಂಬೈಯಲ್ಲಿ ಒಮ್ಮೆಲೇ ಜೀವ ಬಂತು.

“ನಮಗೆ ಬೆಂಗಳೂರೂ ದೂರ, ಮುಂಬೈಯೂ ದೂರ” ಎಂದರು ಅಜ್ಜ. “ಯಾರು ನೀರು ಕೊಡುತ್ತಾರೋ ಅವರ ಕೂಡ ಇರುತ್ತೇವೆ ಎಂದು ಹೇಳಿದೆವು. ಹೇಳಿದ್ದಕ್ಕೆ ಇಬ್ಬರೂ ನಮ್ಮ ಕಡೆ ತಿರುಗಿ ನೋಡಿದರು.”

ಈ ಮಾತಿನಲ್ಲಿ ಅವಕಾಶವಾದ ಕಾಣುವವರು ಒಮ್ಮೆ ಮೇ ತಿಂಗಳಲ್ಲಿ ಆ ಕೊಡ ಹೊತ್ತು ನೋಡಬೇಕು. ಜತ್ತದವರು ಗಡಿಯನ್ನು ಒತ್ತಾಯದ ಸಾಧನವನ್ನಾಗಿ ಮಾಡಿಕೊಂಡರು. ಅವರ ಬೇಡಿಕೆಗೆ ಒಂದು ಅಳತೆ ಇತ್ತು: ನಾಲೆಯಲ್ಲಿ ನೀರು ಬಂತೋ ಇಲ್ಲವೋ. ನಮ್ಮ ಬೇಡಿಕೆಗೆ ಅಂತಹ ಅಳತೆಯನ್ನು ನಾವು ಇಟ್ಟುಕೊಳ್ಳಲಿಲ್ಲ. ಪ್ರತಿ ನವೆಂಬರ್ 1ಕ್ಕೆ ಸೇರಿದೆವು, ವಿಲೀನ ಆಗಲೇಬೇಕು ಎಂದೆವು, ಚದುರಿದೆವು. ಮರುದಿನ ಯಾವ ಅಧಿಕಾರಿಯೂ ನಮಗೆ ಉತ್ತರ ಕೊಡಬೇಕಾದ ಸ್ಥಿತಿ ಬರಲಿಲ್ಲ.

ಮಡಕಶಿರದಲ್ಲಿ ಹೆಚ್ಚು ನಿಲ್ಲಲಾಗಲಿಲ್ಲ. ಮೇ 13ರಂದು ಅಲ್ಲಿ ಮತದಾನ ಮುಗಿದಿತ್ತು, ಗೋಡೆಗಳ ಮೇಲೆ ಚಿಹ್ನೆಗಳು ಹಾಗೆಯೇ ಇದ್ದವು. ಗೆಳತಿಯೊಂದಿಗೆ ಹೇಮಾವತಿಗೆ ಹೋಗಿ ಬಂದೆ. ನೊಳಂಬರ ರಾಜಧಾನಿ ಹೆಂಜೇರು ಅದೇ. ಕಪ್ಪು ಕಲ್ಲಿನ ಕಂಬಗಳನ್ನು ಮುಟ್ಟಿ ನೋಡುತ್ತ ಸಂಜೆಯಾಯಿತು. ಅಲ್ಲಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಮಕ್ಕಳು ವರ್ಷವರ್ಷವೂ ಕಡಿಮೆಯಾಗುತ್ತಿದ್ದಾರೆ. ಕಾರಣ ತೆಲುಗಿನ ಒತ್ತಡಕ್ಕಿಂತ ಇಂಗ್ಲಿಷ್ ಮಾಧ್ಯಮದ ಆಸೆ ಎಂದಳು ಗೆಳತಿ. ಅದೂ ನಮ್ಮಲ್ಲಿರುವುದೇ. ಕನ್ನಡ ಸಂಘದ ಪದಾಧಿಕಾರಿಗಳ ಮಕ್ಕಳು ಎಲ್ಲಿ ಓದುತ್ತಿದ್ದಾರೆಂದು ನಾವು ಒಮ್ಮೆ ಕೇಳಿಕೊಳ್ಳಬೇಕಾಗಿದೆ.

ಮರಳಿ ಬಂದ ಮೇಲೆ ಬ್ಯಾಂಕಿನ ಗೆಳತಿಯೊಂದಿಗೆ ನಮ್ಮ ಜಿಲ್ಲೆಯ ಎಡನೀರಿಗೆ ಹೋದೆ. ಎಡನೀರು ಮಠ ನಮಗೆಲ್ಲ ಗೊತ್ತು: ಶಾಲೆ, ಸಂಗೀತ, ಯಕ್ಷಗಾನ. ಸ್ವತಃ ಭಾಗವತಿಕೆ ಮಾಡುತ್ತಿದ್ದ ಕೇಶವಾನಂದ ಭಾರತೀ ಸ್ವಾಮಿಗಳ ಹೆಸರು ದೇಶದ ಪ್ರತಿಯೊಬ್ಬ ಕಾನೂನು ವಿದ್ಯಾರ್ಥಿಯ ಬಾಯಿಯಲ್ಲಿದೆ. ಕೇರಳದ ಭೂಸುಧಾರಣೆ ಕಾಯಿದೆಯಿಂದ ಮಠದ ಭೂಮಿ ಹೋಗುವಾಗ ಅವರು 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಹದಿಮೂರು ನ್ಯಾಯಾಧೀಶರು 68 ದಿನ ವಾದ ಕೇಳಿ, 1973ರ ಏಪ್ರಿಲ್ 24ರಂದು ಏಳಕ್ಕೆ ಆರರ ಬಹುಮತದಿಂದ ತೀರ್ಪಿತ್ತರು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ರಚನೆಯನ್ನು ಕೆಡವುವಂತಿಲ್ಲ. ಭೂಮಿಯ ವಿಷಯದಲ್ಲಿ ಸ್ವಾಮಿಗಳಿಗೆ ಬೇಕಾದದ್ದು ಸಿಗಲಿಲ್ಲ. ದೇಶಕ್ಕೆ ದೊಡ್ಡದೊಂದು ಆಸರೆ ಸಿಕ್ಕಿತು. ಈ ಚುನಾವಣೆಯುದ್ದಕ್ಕೂ ಸಂವಿಧಾನದ ಪುಟ್ಟ ಕೆಂಪು ಪ್ರತಿಯನ್ನು ವೇದಿಕೆಗಳಲ್ಲಿ ಎತ್ತಿ ತೋರಿಸುವುದನ್ನು ನೋಡಿದಾಗೆಲ್ಲ ನನಗೆ ಎಡನೀರಿನ ನೆನಪಾಗುತ್ತಿತ್ತು.

ನನ್ನ ಜೊತೆಗಿದ್ದ ಗೆಳತಿಯ ಅಜ್ಜ ಬೇರೊಂದು ಧಣಿಯ ಭೂಮಿಯಲ್ಲಿ ಚಾಲಗೇಣಿ ಒಕ್ಕಲಾಗಿದ್ದವರು. 1970ರ ನಂತರ ಅವರು ಉಳುತ್ತಿದ್ದ ಗದ್ದೆ ಅವರದೇ ಆಯಿತು. ಅವರ ಮನೆಮಾತು ತುಳು, ಓದಿದ ಭಾಷೆ ಕನ್ನಡ. ಅವಳು ಹೇಳಿದಳು: “ನಿಮ್ಮ ಅಜ್ಜ ಕೇರಳ ಬೇಡವೆಂದು ಮೆರವಣಿಗೆ ಹೋದರು. ನನ್ನ ಅಜ್ಜನಿಗೆ ಕೇರಳ ಗದ್ದೆ ಕೊಟ್ಟಿತು. ಅವರಿಗೆ ಕನ್ನಡ ಬೇಡವಾಗಿರಲಿಲ್ಲ ಮಾರಾಯ್ತಿ, ಹಸಿವೂ ಬೇಡವಾಗಿತ್ತು.” ನಮ್ಮ ವಿಲೀನ ಚಳವಳಿ ಕನ್ನಡ ಮಾತನಾಡುವ ಎಲ್ಲರನ್ನೂ ಏಕೆ ತಲುಪಲಿಲ್ಲ ಎಂಬುದಕ್ಕೆ ಇಷ್ಟು ನೇರವಾದ ವಿವರಣೆಯನ್ನು ನಾನು ಬೇರೆಲ್ಲಿಯೂ ಕೇಳಿಲ್ಲ. ಕರ್ನಾಟಕದಲ್ಲಿಯೂ 1974ರಲ್ಲಿ ಅರಸು ಸರಕಾರ ಉಳುವವನಿಗೆ ಭೂಮಿ ಕೊಟ್ಟಿತು, ನಿಜ. ಆದರೆ ನಮ್ಮ ಚಳವಳಿಯ ವೇದಿಕೆಯ ಮೇಲೆ ಧಣಿಗಳು, ವಕೀಲರು, ಅಧ್ಯಾಪಕರು ಇದ್ದರು. ಗೇಣಿ ಒಕ್ಕಲು ವೇದಿಕೆಯ ಕೆಳಗಿದ್ದರು. ಬುಡಕಟ್ಟಿನವರಾದ ಕೊರಗರಂತೂ ಸಭೆಯಲ್ಲಿಯೇ ಇರಲಿಲ್ಲ.

ನಮ್ಮ ಜಿಲ್ಲೆಯದೇ ಆದ ಎಣ್ಮಕಜೆಯ ಗೆಳೆಯನ ಮನೆಯಲ್ಲಿ ಒಂದು ಸಂಜೆ ಕಳೆದೆ. ಅವನ ತಂಗಿ ನಡೆಯಲಾರಳು, ಮಾತನಾಡಲಾರಳು. ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದಿತು. ವರ್ಷಗಳು ಉರುಳಿದವು. ಪಟ್ಟಿಯಿಂದ ಕೈಬಿಟ್ಟವರನ್ನು ಮತ್ತೆ ಸೇರಿಸಬೇಕೆಂದು 2024ರ ಜನವರಿಯಲ್ಲಿ ಕಾಞಂಗಾಡಿನಲ್ಲಿ ತಾಯಂದಿರು ಧರಣಿ ಕುಳಿತರು. ಗೆಳೆಯನ ಅಮ್ಮನೂ ಅಲ್ಲಿಗೆ ಹೋಗಿ ಬಂದಿದ್ದಾರೆ. ಪಕ್ಕದಲ್ಲಿ ಕುಳಿತ ತಾಯಿಗೆ ಕನ್ನಡ ಬಾರದು, ಇವರಿಗೆ ಮಲಯಾಳ ಅಷ್ಟಕ್ಕಷ್ಟೇ. ಇಬ್ಬರೂ ಒಂದೇ ಘೋಷಣೆ ಕೂಗಿದರು. ವಿಷದ ಮಳೆಯ ವಿರುದ್ಧ ಈ ಜಿಲ್ಲೆ ಗೆದ್ದಷ್ಟು ಗೆದ್ದದ್ದು ಕನ್ನಡಿಗರು, ಮಲಯಾಳಿಗಳು, ತುಳುವರು ಬೇರೆಯಾಗದೆ ನಿಂತದ್ದರಿಂದ. ಭಾಷೆಯ ಹಕ್ಕಿಗೂ ಹಾಗೆ ನಿಲ್ಲಲು ಸಾಧ್ಯವಿಲ್ಲವೇ?

ಸಾಧ್ಯವಿದೆ ಎಂದು ನಂಬುತ್ತೇನೆ, ಏಕೆಂದರೆ ಕಾನೂನು ನಮ್ಮ ಕಡೆ ಇದೆ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯನ್ನು ಓದಿ. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸೆಕ್ರೆಟೇರಿಯಟ್‌ಗೆ, ಇಲಾಖೆಗಳ ಮುಖ್ಯಸ್ಥರಿಗೆ, ತಮ್ಮ ಪ್ರದೇಶದ ಸರಕಾರಿ ಕಚೇರಿಗಳಿಗೆ ತಮ್ಮ ಭಾಷೆಯಲ್ಲಿ ಬರೆಯಬಹುದು; ಉತ್ತರವೂ ಆ ಭಾಷೆಯಲ್ಲಿಯೇ ಬರಬೇಕು. ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ವ್ಯವಸ್ಥೆ ಮಾಡಬೇಕೆನ್ನುತ್ತದೆ. ಆ ವಿಧಿ ಸೇರಿದ್ದು 1956ರ ಏಳನೆಯ ತಿದ್ದುಪಡಿಯಲ್ಲಿ, ಅಂದರೆ ನಮ್ಮನ್ನು ಕೇರಳಕ್ಕೆ ಸೇರಿಸಿದ ವರ್ಷವೇ, ನಮ್ಮಂತಹವರಿಗಾಗಿಯೇ. ಒಂದು ತರಗತಿಯಲ್ಲಿ 10 ಮಕ್ಕಳು ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳು ಇದ್ದರೆ ಅವರ ಭಾಷೆಯ ಶಿಕ್ಷಕರನ್ನು ಕೊಡಬೇಕೆಂಬ ಸೂತ್ರ 1949ರಷ್ಟು ಹಳೆಯದು. ಈ ಹತ್ತು, ನಲವತ್ತು ಎಂಬ ಸಂಖ್ಯೆಗಳು ನಮ್ಮ ಮಕ್ಕಳಿಗೆ ಮಗ್ಗಿಯಂತೆ ಬಾಯಿಪಾಠವಾಗಬೇಕು. ಇಲ್ಲಿ ಕುಳಿತವರಲ್ಲಿ ಎಷ್ಟು ಮಂದಿ ಕಚೇರಿಗೆ ಕನ್ನಡದಲ್ಲಿ ಅರ್ಜಿ ಬರೆದು, ಕನ್ನಡದಲ್ಲಿ ಉತ್ತರ ಬರುವವರೆಗೆ ಬೆನ್ನು ಹತ್ತಿದ್ದೀರಿ? ಕೈ ಎತ್ತಬೇಕಿಲ್ಲ, ಮನೆಗೆ ಹೋಗಿ ಯೋಚಿಸಿ.

ಮಲಯಾಳ ಕಲಿಯುವುದರ ಬಗ್ಗೆಯೂ ಒಂದು ಮಾತು. ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯ ಮಾಡಿದ 2017ರ ಕಾನೂನು ಬಂದಾಗ ನಾವು ಬೀದಿಗಿಳಿದೆವು. ಹೇರಿಕೆಯನ್ನು ವಿರೋಧಿಸಿದ್ದು ಸರಿ. ಆದರೆ ನೆರೆಯವರ ಭಾಷೆಯನ್ನು ಚೆನ್ನಾಗಿ ಕಲಿಯುವುದು ನಮ್ಮ ಬಲ. ಕನ್ನಡ ಶಾಲೆಗೆ ಕನ್ನಡ ಬಾರದ ಅಧ್ಯಾಪಕರನ್ನು ಕಳುಹಿಸುವುದು ಅನ್ಯಾಯ; ಆ ಎರಡನ್ನು ನಾವು ಕಲಸಬಾರದು. ಇನ್ನೂ ಒಂದು ಸಂಗತಿಯನ್ನು ಒಪ್ಪಿಕೊಳ್ಳೋಣ. ತಮಿಳುನಾಡು 2006ರಲ್ಲಿ, ಕರ್ನಾಟಕ 2015ರಲ್ಲಿ, ಕೇರಳ 2017ರಲ್ಲಿ, ಮಹಾರಾಷ್ಟ್ರ 2020ರಲ್ಲಿ, ಎಲ್ಲರೂ ತಮ್ಮ ತಮ್ಮ ಭಾಷೆಯನ್ನು ಶಾಲೆಗಳಲ್ಲಿ ಕಡ್ಡಾಯ ಮಾಡಿದ್ದಾರೆ. ಕರ್ನಾಟಕದ ಕಾನೂನಿಗೆ ಚಪ್ಪಾಳೆ ತಟ್ಟಿ ಕೇರಳದ ಕಾನೂನಿಗೆ ಕಪ್ಪು ಬಾವುಟ ತೋರಿಸಿದರೆ ನಮ್ಮ ಮಾತಿಗೆ ತೂಕ ಇರುವುದಿಲ್ಲ. ನಾವು ಇಲ್ಲಿ ಕೇಳುವುದನ್ನೆಲ್ಲ ಬೆಳಗಾವಿಯ ಮರಾಠಿ ಮಗುವಿಗಾಗಿಯೂ ಕೇಳಬೇಕು. ದುಧನಿಯ ಗೆಳತಿಗೆ ನಾನು ಇದನ್ನು ಹೇಳಿದಾಗ ಅವಳು ನನ್ನ ಕೈ ಹಿಡಿದು, “ಇದನ್ನು ನಮ್ಮ ಊರಿಗೆ ಬಂದು ಎಲ್ಲರ ಮುಂದೆ ಹೇಳು” ಎಂದಳು. ಹೋಗಿ ಹೇಳುತ್ತೇನೆ.

ಮೊನ್ನೆ ಪತ್ತನಾಜೆ, ಅಂದರೆ ತುಳುನಾಡಿನ ಬೇಸಗೆಯ ಉತ್ಸವ, ಆಟಗಳಿಗೆ ತೆರೆ ಬೀಳುವ ದಿನ, ಕಳೆಯಿತು. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದವು. ಅದೇ ಮೇ 24ಕ್ಕೆ ನಮ್ಮ ಜಿಲ್ಲೆಗೆ 40 ವರ್ಷ ತುಂಬಿತು. ಎಲ್ಲಿಯೂ ಯಾರೂ ಅದನ್ನು ಆಡಿದ್ದು ಕೇಳಲಿಲ್ಲ. ಜೂನ್ 4ಕ್ಕೆ ಫಲಿತಾಂಶ ಬರುತ್ತದೆ. ಅದರ ಹಿಂದಿನ ದಿನ, ಜೂನ್ 3ಕ್ಕೆ, ಶಾಲೆ ತೆರೆಯುತ್ತದೆ. ಸಂಕದ ಮೇಲೆ ಕುಳಿತಿದ್ದ ನಾವೆಲ್ಲ ಫಲಿತಾಂಶ ಏನೇ ಇರಲಿ ಒಟ್ಟಿಗೆ ಕೆಲಸ ಮಾಡುವುದೆಂದು ತೀರ್ಮಾನಿಸಿದ್ದೇವೆ.

ನನ್ನ ಮಾತು ಮುಗಿದ ಮೇಲೆ ಹಿರಿಯರೊಬ್ಬರು ಎದ್ದು ನಿಂತು ಕೇಳಿದರು: “ಹಾಗಾದರೆ ಮಹಾಜನ ವರದಿಯನ್ನು ಬಿಟ್ಟುಕೊಡಬೇಕು ಎನ್ನುತ್ತೀಯಾ ಮಗಳೇ?” ಅವರಿಗೆ ಕೊಟ್ಟ ಉತ್ತರವನ್ನೂ ಇಲ್ಲಿ ಬರೆಯುತ್ತೇನೆ. ಬಿಟ್ಟುಕೊಡಬೇಡಿ ದೊಡ್ಡಪ್ಪ. ಅದು ನಿಮ್ಮ ಕಾಲದ ನ್ಯಾಯವಾದ ಬೇಡಿಕೆ, ಅದನ್ನು ಹೇಳುವ ಹಕ್ಕು ನಿಮಗಿದೆ. ಆದರೆ ಶಾಲೆ ತೆರೆದ ಆರನೆಯ ಕೆಲಸದ ದಿನ ಕೇರಳದ ಎಲ್ಲ ಶಾಲೆಗಳಲ್ಲಿ ಮಕ್ಕಳ ತಲೆ ಎಣಿಕೆ ಆಗುತ್ತದೆ. ಈ ವರ್ಷ ಎಷ್ಟು ಅಧ್ಯಾಪಕರು ಎಂಬುದು ಆ ದಿನದ ಲೆಕ್ಕದ ಮೇಲೆ ನಿಲ್ಲುತ್ತದೆ. ಅಂದು ಕನ್ನಡ ತರಗತಿಯಲ್ಲಿ ಮಕ್ಕಳಿಲ್ಲದಿದ್ದರೆ ಹುದ್ದೆ ಹೋಗುತ್ತದೆ. ಹೋದ ಹುದ್ದೆಯನ್ನು ಯಾವ ವರದಿಯೂ ಮರಳಿ ತರುವುದಿಲ್ಲ. ಈ ವಾರವಿಡೀ ನಾವು ಒಂದನೆಯ ತರಗತಿಗೆ ಸೇರುವ ವಯಸ್ಸಿನ ಮಕ್ಕಳಿರುವ ಮನೆಗಳಿಗೆ ಹೋಗುತ್ತೇವೆ. ಕೊರಗರ ಕಾಲನಿಗೆ ಮೊದಲು. ಮನೆಗಳ ಪಟ್ಟಿ ಬ್ಯಾಂಕಿನ ಗೆಳತಿಯ ಹತ್ತಿರ ಇದೆ, ಜೀಪಿನ ಖರ್ಚನ್ನು ಗಲ್ಫಿನ ಗೆಳೆಯ ವಹಿಸಿಕೊಂಡಿದ್ದಾನೆ, ಕನ್ನಡ ಅರ್ಜಿಗಳ ಮಾದರಿಗಳನ್ನು ನಾನು ಬರೆದಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ಎಂಟಕ್ಕೆ ಶಾಲೆಯ ಗೇಟಿನ ಬಳಿ ಸೇರುತ್ತೇವೆ. ದೊಡ್ಡಪ್ಪ ಬರುತ್ತೇನೆಂದು ಹೆಸರು ಬರೆಸಿದರು.